ಗೃಹಪ್ರವೇಶದೊಡನೆ ಮುಗಿಯದ ಮನೆ

ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವೆಂದೂ, ಗೃಹಪ್ರವೇಶದ ದಿನ ಹಾಲುಕ್ಕಿಸಿದ ಬಳಿಕ ಅದಕ್ಕೆ ಸುಣ್ಣಬಣ್ಣದ ಹೊರತು ಬೇರೇನೂ ಬೇಕಾಗದೆಂದೂ ನಂಬುವವರು ನಮ್ಮಲ್ಲಿ ಬಹುಮಂದಿ. ಹರೆಯದಲ್ಲಿ ಸಾಲ ತಂದು, ಅಂದಿನ ತಮ್ಮ ಕಾಲ್ಬಲವನ್ನೂ ಕಣ್ಬೆಳಕನ್ನೂ ಪ್ರಮಾಣವಾಗಿಟ್ಟುಕೊಂಡು ಕಟ್ಟಿಸಿದ ಆ ಮನೆಯಲ್ಲಿಯೇ ದಂಪತಿಗಳು ಮಕ್ಕಳನ್ನು ಬೆಳೆಸಬೇಕು, ತಂದೆತಾಯಿಗಳ ವಾರ್ಧಕ್ಯವನ್ನು ನೋಡಿಕೊಳ್ಳಬೇಕು, ಕಡೆಗೆ ತಾವೂ ಮುದುಕರಾಗಬೇಕು. ಆದರೂ ಬಾಳಿನ ಅವಸ್ಥೆಗಳಿಗೆ ತಕ್ಕಂತೆ ಮನೆಯೂ ಮಾರ್ಪಡತಕ್ಕದ್ದು ಎಂಬ ಮಾತು ಅನೇಕರ ಕಿವಿಗೆ ದುಂದುವೆಚ್ಚದ ಉಪದೇಶವಾಗಿ ಕೇಳಿಸುತ್ತದೆ.

ಹಿರಿಯರು ಕಟ್ಟಿದ ಮನೆಯನ್ನು ಕಟ್ಟಿದಂತೆಯೇ ಉಳಿಸಿಕೊಂಡಿದ್ದರಲ್ಲ ಎಂದು ಕೇಳುವುದುಂಟು. ಇದು ಸತ್ಯಕ್ಕೆ ದೂರವಾದ ಕಲ್ಪನೆ. ಹಳೆಯ ಮೈಸೂರಿನ ಮತ್ತು ಮಲೆನಾಡಿನ ತೊಟ್ಟಿಮನೆಗಳಲ್ಲಿ ಹಗಲು ನೆಂಟರು ಕುಳಿತ ಹಜಾರದಲ್ಲಿಯೇ ರಾತ್ರಿ ಹಾಸಿಗೆಗಳ ಸಾಲು ಬೀಳುತ್ತಿತ್ತು. ಹೆರಿಗೆಗೆ ಮಗಳು ಬಂದಳೆಂದರೆ ಕಾಳುಕಡ್ಡಿ ಇಟ್ಟಿದ್ದ ಕೋಣೆ ತೆರವಾಗಿ ಬಾಣಂತಿಯ ಕೋಣೆಯಾಗುತ್ತಿತ್ತು. ಮಾಳಿಗೆ ಹತ್ತಲಾರದ ಅಜ್ಜನ ಹಾಸಿಗೆ ಜಗಲಿಯ ಪಕ್ಕಕ್ಕೆ ಇಳಿಯುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆಯೆದ್ದು ಎರಡನೆಯ ಒಲೆ ಉರಿಯುತ್ತಿತ್ತು. ನೆಲದ ಮೇಲೆ ಕುಳಿತು ಅಡಿಗೆ ಮಾಡುತ್ತಿದ್ದ ಮನೆಗಳೇ ಎರಡು ತಲೆಮಾರುಗಳೊಳಗೆ ನಿಂತು ಬೇಯಿಸುವ ಕಟ್ಟೆಯನ್ನು ತಂದುಕೊಂಡುವಲ್ಲ, ಅದಕ್ಕಿಂತ ದೊಡ್ಡ ಮಾರ್ಪಾಡು ಯಾವುದು? ಈ ಕಾಲದ ವಾಸ್ತುಶಿಲ್ಪಿಗಳಲ್ಲಿಯೂ ಇದೇ ವಿಚಾರವನ್ನು ಎತ್ತಿಹಿಡಿದವರುಂಟು. ಮನೆಯ ಶಾಶ್ವತ ಭಾಗವನ್ನೂ, ನಿವಾಸಿಗಳು ತಮ್ಮ ಇಚ್ಛೆಯಂತೆ ಬದಲಿಸಿಕೊಳ್ಳತಕ್ಕ ಭಾಗವನ್ನೂ ಬೇರ್ಪಡಿಸಿಯೇ ಕಟ್ಟಬೇಕೆಂದು ಹಾಲೆಂಡಿನ ವಾಸ್ತುಶಿಲ್ಪಿ ಹಾಬ್ರಾಕೆನ್ 1961ರಲ್ಲಿ ಗ್ರಂಥವನ್ನೇ ಬರೆದನು. ಇಂದೋರಿನ ಸಮೀಪದ ಅರಣ್ಯ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಬಡವರಿಗೆ ತಳಪಾಯವನ್ನೂ ನೀರು ಶೌಚಗಳ ಮೂಲ ವ್ಯವಸ್ಥೆಯನ್ನೂ ಒದಗಿಸಿ, ಸಂಸಾರ ಬೆಳೆದಂತೆ ಕೋಣೆಗಳನ್ನು ತಾವೇ ಕಟ್ಟಿಕೊಳ್ಳಲು ಅವಕಾಶವಿತ್ತರು. ಆ ಯೋಜನೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು.

ಎರಡನೆಯ ತಪ್ಪು ಕಲ್ಪನೆ ಗೋಡೆಗೆ ಸಂಬಂಧಿಸಿದ್ದು, ಅದಕ್ಕೆ ಎರಡು ಮುಖಗಳಿವೆ. ಯಾವ ಗೋಡೆಯನ್ನೂ ಮುಟ್ಟಕೂಡದೆಂದು ಕೆಲವರು ಹೆದರುತ್ತಾರೆ. ನಾಲ್ಕೂವರೆ ಅಂಗುಲದ ಗೋಡೆಯಾದರೆ ಧೈರ್ಯವಾಗಿ ಒಡೆಯಬಹುದೆಂದು ಮತ್ತೆ ಕೆಲವರು ಹಾರೆ ಹಿಡಿಯುತ್ತಾರೆ. ಪಿಲ್ಲರು ಬೀಮುಗಳ ಚೌಕಟ್ಟಿನ ಮೇಲೆ ನಿಂತ ಕಟ್ಟಡದಲ್ಲಿ ಇಟ್ಟಿಗೆಯ ಗೋಡೆ ಸಾಮಾನ್ಯವಾಗಿ ಬರಿಯ ತೆರೆಯಾದುದರಿಂದ ಎರಡು ಕೋಣೆಗಳನ್ನು ಒಂದು ಮಾಡುವುದು ಕಷ್ಟವಲ್ಲ. ಹಳೆಯ ಪದ್ಧತಿಯ ಮನೆಯಲ್ಲಿಯಾದರೋ ತಾರಸಿಯ ಭಾರವನ್ನು ಗೋಡೆಗಳೇ ಹೊತ್ತಿರುತ್ತವೆ. ಈಚಿನ ಕೆಲವು ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗಳೆಲ್ಲ ಕಾಂಕ್ರೀಟಿನವೇ ಆಗಿದ್ದು, ಅವುಗಳಲ್ಲಿ ಹೊಸ ಬಾಗಿಲನ್ನು ಕೊರೆಯುವುದೂ ಅಪಾಯ. ದಪ್ಪವನ್ನಷ್ಟೇ ನೋಡಿ ಇದನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಮೇಸ್ತ್ರಿಯು ತಟ್ಟಿ ನೋಡಿ ಹೇಳುವ ಮಾತು ಸಾಲದು. ನಕ್ಷೆಯನ್ನು ನೋಡಬಲ್ಲ ಇಂಜಿನಿಯರಿನ ಒಪ್ಪಿಗೆ ಬೇಕೇ ಬೇಕು.

ಇನ್ನು ನನ್ನ ಮನಸ್ಸನ್ನು ಅತ್ಯಂತ ಕಲಕುವ ನಂಬಿಕೆಗೆ ಬರುತ್ತೇನೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದರೆ ನಾವು ಅದನ್ನು ವಯಸ್ಸಿನ ದೋಷವೆನ್ನುತ್ತೇವೆ, ಇಲ್ಲವೆ ಗ್ರಹಚಾರವೆನ್ನುತ್ತೇವೆ. ಮನೆಯ ದೋಷವೆಂದು ಮಾತ್ರ ಹೇಳುವುದಿಲ್ಲ. ಅರುವತ್ತೈದು ದಾಟಿದವರಲ್ಲಿ ನೂರಕ್ಕೆ ಸುಮಾರು 28ರಿಂದ 35 ಮಂದಿ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಇಷ್ಟು ವ್ಯಾಪಕವಾದ ಕಷ್ಟವನ್ನು ದೈವದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅರುವತ್ತರ ಕಣ್ಣಿನ ಒಳಪಟಲವನ್ನು ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಪಾಲಷ್ಟೇ. ಪಾಪೆ ಕಿರಿದಾಗಿ, ಮಸೂರ ಹಳದಿಗೂಡಿರುತ್ತದೆ. ಅಂಥ ಕಣ್ಣಿಗೆ ನಡುರಾತ್ರಿಯಲ್ಲಿ ಒಂದು ಮಂಕುದೀಪವೂ, ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲವೂ, ಬಾಗಿಲಲ್ಲಿ ಒಂದೆರಡು ಅಂಗುಲದ ಕಾಣದ ತಗ್ಗೂ ಒಟ್ಟಿಗೆ ಎದುರಾದರೆ ಬೀಳದಿರುವುದೇ ಅದೃಷ್ಟ. ಹೊಳಪೇ ಶ್ರೀಮಂತಿಕೆಯೆಂದು ಬಗೆದು ಬಚ್ಚಲಿಗೂ ಅದನ್ನೇ ಹಾಸುವವರು, ನೀರು ಬಿದ್ದಾಗ ಕಾಲು ಜಾರದ ಒರಟು ಟೈಲ್ಸು ಅದೇ ಅಂಗಡಿಯಲ್ಲಿ ಸಿಗುವುದನ್ನು ಗಮನಿಸುವುದಿಲ್ಲ.

ಹಿಡಿದುಕೊಳ್ಳಲು ಟವೆಲ್ ರಾಡ್ ಇದೆಯಲ್ಲ ಎಂಬ ಸಮಾಧಾನವೂ ಸುಳ್ಳು. ಒದ್ದೆ ಬಟ್ಟೆಯ ಭಾರಕ್ಕೆಂದು ಚಿಕ್ಕ ಮೊಳೆಗಳಲ್ಲಿ ಕೂರಿಸಿದ ಆ ಕೋಲು, ಕುಸಿಯುತ್ತಿರುವ ದೇಹದ ಭಾರ ಬಿದ್ದೊಡನೆ ಗಾರೆಯೊಂದಿಗೇ ಕಿತ್ತುಬರುತ್ತದೆ. ಮೈಭಾರ ತಡೆಯಬಲ್ಲ ಉಕ್ಕಿನ ಸರಳನ್ನು ಕಮೋಡಿನ ಪಕ್ಕದಲ್ಲಿಯೂ ಸ್ನಾನದ ಜಾಗದಲ್ಲಿಯೂ ಗೋಡೆಯ ಇಟ್ಟಿಗೆಯೊಳಕ್ಕೆ ಆಳವಾಗಿ ಬಿಗಿಸಬೇಕು. ಅದು ರೋಗಿಷ್ಠರ ಮನೆಯ ಗುರುತಲ್ಲ, ತುಂಬು ಬಸುರಿಗೂ ಮೊಣಕಾಲು ನೊಂದ ಯುವಕನಿಗೂ ಅದೇ ಆಸರೆ. ಬಚ್ಚಲಿನ ಬಾಗಿಲು ಒಳಮುಖವಾಗಿ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಅದಕ್ಕೆ ಅಡ್ಡಲಾಗಿ, ನೆರವಿಗೆ ಓಡಿಬಂದವರು ಹೊರಗೆ ನಿಂತು ಕೂಗಬೇಕಾಗುತ್ತದೆ. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ, ಹೊರಗಿನಿಂದಲೂ ಬಿಡಿಸಬಹುದಾದ ಚಿಲಕವನ್ನು ಹಾಕಿಸುವುದು ಬಡಗಿಗೆ ಒಂದು ದಿನದ ಕೆಲಸ.

ಹೊಸ್ತಿಲನ್ನು ತೆಗೆಯಕೂಡದೆಂಬ ಭಾವನೆ ಶ್ರದ್ಧೆಯಿಂದ ಬಂದುದು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಅರಿಸಿನ ಕುಂಕುಮದ ಪೂಜೆ ಸಲ್ಲುವುದು ತಲೆಬಾಗಿಲ ಹೊಸ್ತಿಲಿಗೆ. ಒಳಕೋಣೆಗಳಿಗೆಲ್ಲ ಎಡವುವ ಪಟ್ಟಿಯೇ ಬೇಕೆಂದೇನೂ ಇಲ್ಲ. ತಲೆಬಾಗಿಲಿನದನ್ನು ಹಾಗೆಯೇ ಉಳಿಸಿ, ಅಂಗುಲದೆತ್ತರಕ್ಕೆ ಅಡಿಯುದ್ದದಂತೆ ಎರಡು ಕಡೆಯೂ ತೆಗೆದಿಡಬಹುದಾದ ಮರದ ಇಳಿಜಾರನ್ನು ಕೂರಿಸಿದರೆ ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ. ಹನ್ನೆರಡಕ್ಕೆ ಒಂದು ಎಂಬ ಇದೇ ಪ್ರಮಾಣವನ್ನು ಹೊರಗಿನ ಮೆಟ್ಟಿಲಿಗೂ ಅನ್ವಯಿಸಿದರೆ ಒಂದೂವರೆ ಅಡಿ ಎತ್ತರದ ಮನೆಗೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ಕಾರನ್ನೇರಿಸುವ ಕಡಿದಾದ ಇಳಿಜಾರನ್ನು ತೋರಿಸಿ ಇದು ಮುದುಕರಿಗೂ ಆಯಿತೆನ್ನುವುದು ಅಪಾಯಕರ. ಕೋಲೂರಿ ನಡೆಯುವ ಕೆಲವರಿಗೆ ಇಳಿಜಾರಿಗಿಂತ, ಎರಡೂ ಬದಿಗೆ ಕಂಬಿಯಿರುವ ಗಿಡ್ಡ ಮೆಟ್ಟಿಲೇ ಹಿತವೆಂಬುದನ್ನೂ ಮರೆಯಬಾರದು.

ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆಯನ್ನು ಮಹಡಿಯಲ್ಲಿ ಕಟ್ಟಿಸುವುದೇ ದೂರದೃಷ್ಟಿಯೆಂದು ತಿಳಿದವರೂ ಇದ್ದಾರೆ. ಮಕ್ಕಳು ಓದಿಗೆ, ಉದ್ಯೋಗಕ್ಕೆ ಹೊರಟ ಮೇಲೆ ಆ ಕೋಣೆಗಳಲ್ಲಿ ಧೂಳು ಕೂಡುತ್ತದೆ. ಮೆಟ್ಟಿಲನ್ನು ಮನೆಯ ನಡುವೆ ಹಾಯಿಸದೆ ಪಕ್ಕಕ್ಕೆ, ಹೊರಗಿನಿಂದಲೂ ಹತ್ತುವಂತೆ ಇರಿಸಿದ್ದರೆ ಅದೇ ಮಹಡಿ ಬಾಡಿಗೆಯ ಮನೆಯಾಗಿ ನಿವೃತ್ತರಿಗೆ ವರಮಾನ ತರುತ್ತಿತ್ತು, ಮಗನೋ ಮಗಳೋ ಸಂಸಾರಸಮೇತ ಮರಳಿದಾಗ ಅವರ ಬಿಡಾರವೂ ಆಗುತ್ತಿತ್ತು. ಈಗ ಕಟ್ಟಿಸಲು ಹೊರಟಿರುವವರು ನೆಲಮಟ್ಟದಲ್ಲಿ ಒಂದು ಮಲಗುವ ಕೋಣೆಯನ್ನೂ ಅದಕ್ಕೆ ಹೊಂದಿದ ಬಚ್ಚಲನ್ನೂ ಇಟ್ಟು, ಎರಡರ ಬಾಗಿಲುಗಳಿಗೂ ಮೂರಡಿ ತೆರಪು ಬಿಡಲಿ. ಕಟ್ಟುವಾಗ ಆ ಅಗಲಕ್ಕೆ ತಗಲುವ ಹೆಚ್ಚಿನ ವೆಚ್ಚ ಅತ್ಯಲ್ಪ. ಕಟ್ಟಿ ಮುಗಿದ ಮೇಲೆ ಅದೇ ಅಗಲಕ್ಕಾಗಿ ಚೌಕಟ್ಟನ್ನು ಕಿತ್ತು, ಗೋಡೆಯನ್ನು ಕೊರೆದು, ಟೈಲ್ಸನ್ನು ಮತ್ತೆ ಹಾಸಬೇಕಾಗುತ್ತದೆ.