ಕುದುರೆಯ ಚರ್ಮದ ಜಾಕೆಟ್: ಕೊಳ್ಳುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮನೆಗೆ ಮೋಟಾರ್ ಸೈಕಲ್ ಬಂದ ಮೇಲೆ ತರುಣರ ದೃಷ್ಟಿ ಸಾಮಾನ್ಯವಾಗಿ ಹರಿಯುವುದು ಚರ್ಮದ ಜಾಕೆಟ್ಟಿನ ಕಡೆಗೆ. ಅಂತರ್ಜಾಲದ ಮಳಿಗೆಗಳಲ್ಲಿ ಕುರಿ, ಆಡು, ದನ, ಎಮ್ಮೆಗಳ ಚರ್ಮದ ಜಾಕೆಟ್ಟುಗಳು ಸಾಲಾಗಿ ಕಾಣಿಸುತ್ತವೆ. ಆ ಸಾಲಿನ ತುದಿಯಲ್ಲಿ, ಹೆಚ್ಚಿನ ಬೆಲೆಯ ಚೀಟಿ ಹೊತ್ತು, ಕುದುರೆಯ ಚರ್ಮದ ಜಾಕೆಟ್ ನಿಂತಿರುತ್ತದೆ. ಅಮೆರಿಕ ಮತ್ತು ಜಪಾನಿನ ಹೆಸರಾಂತ ತಯಾರಕರಲ್ಲಿ ಅದರ ಬೆಲೆ ಸಾವಿರ ಡಾಲರುಗಳನ್ನು ದಾಟುವುದುಂಟು. ಸುಂಕ ಮತ್ತು ಸಾಗಣೆಯ ವೆಚ್ಚ ಸೇರಿದರೆ ಲಕ್ಷ ರೂಪಾಯಿ ಮೀರುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಸಾಧಾರಣ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಮಗ ಕೇಳಿದನೆಂದು ಕೊಡಿಸುವ ಮುನ್ನ, ಅಥವಾ ಹುಚ್ಚುತನವೆಂದು ಗದರುವ ಮುನ್ನ, ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಯೋಚಿಸಬೇಕಾದ ಕೆಲವು ಸಂಗತಿಗಳಿವೆ.

ವ್ಯಾಜ್ಯವೊಂದು ಕೈಗೆ ಬಂದಾಗ ವಕೀಲರಾದ ನಾವು ಮೊದಲು ನೋಡುವುದು ಪದಗಳ ಅರ್ಥವನ್ನು. ‘ಕುದುರೆಯ ಚರ್ಮ’ ಎಂಬ ಪದ ಪ್ರಾಣಿಯ ಹೆಸರನ್ನಷ್ಟೇ ಹೇಳುತ್ತದೆ. ಅದು ದೇಹದ ಯಾವ ಭಾಗದ್ದು, ಹೇಗೆ ಹದಗೊಂಡದ್ದು, ಎಷ್ಟು ದಪ್ಪದ್ದು, ಅದರ ಮೇಲ್ಮೈಗೆ ಎಂತಹ ಬಣ್ಣ ಕೂಡಿಸಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಜಾಕೆಟ್ಟಿನ ಗುಣ ಮತ್ತು ಬಾಳಿಕೆ ನಿರ್ಧಾರವಾಗುವುದು ಈ ನಾಲ್ಕರಿಂದ. ಆದ್ದರಿಂದ ಕೊಳ್ಳುವವನು ಹಣ ತೆರುವ ಮುನ್ನ ಈ ನಾಲ್ಕಕ್ಕೂ ಉತ್ತರ ಪಡೆಯಬೇಕು.

ಹೇರಳವಾಗಿದ್ದದ್ದು ಅಪರೂಪವಾದ ಬಗೆ

ಇಂದು ವೈಭವದ ವಸ್ತುವೆನಿಸಿದ ಕುದುರೆಯ ಚರ್ಮ ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ದುಡಿಯುವವರ ಚರ್ಮವಾಗಿತ್ತು. 1910ರ ದಶಕದಲ್ಲಿ ಆ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಕುದುರೆಗಳಿದ್ದವು. ನೇಗಿಲು ಎಳೆಯುವುದು, ಹಾಲಿನ ಬಂಡಿ ಎಳೆಯುವುದು, ಸರಕು ಹೊರುವುದು ಎಲ್ಲವೂ ಅವುಗಳ ಪಾಲಿನ ಕೆಲಸ. ಮುಪ್ಪಾದ ಮತ್ತು ಸತ್ತ ಕುದುರೆಗಳ ತೊಗಲು ಹದಗಾರರಿಗೆ ಧಾರಾಳವಾಗಿ ಸಿಗುತ್ತಿತ್ತು. ಕೈಗವಸು, ಕೆಲಸಗಾರರ ಅಂಗಿ, ಬೇಸ್‌ಬಾಲ್ ಚೆಂಡಿನ ಹೊದಿಕೆ ಇವೆಲ್ಲ ಅದರಿಂದಲೇ ಆಗುತ್ತಿದ್ದವು.

ನ್ಯೂಯಾರ್ಕಿನ ಶಾಟ್ ಸಂಸ್ಥೆ 1928ರಲ್ಲಿ ಮೋಟಾರ್ ಸೈಕಲ್ ಸವಾರರಿಗಾಗಿ ‘ಪರ್ಫೆಕ್ಟೋ’ ಎಂಬ ಜಾಕೆಟ್ಟನ್ನು ಹೊರತಂದಿತು. ಓರೆಯಾಗಿ ಎಳೆದುಕೊಳ್ಳುವ ಜಿಪ್ ಇದ್ದ ಆ ಕುದುರೆ ಚರ್ಮದ ಜಾಕೆಟ್ಟಿನ ಅಂದಿನ ಬೆಲೆ ಐದೂವರೆ ಡಾಲರ್. ಅಮೆರಿಕದ ಸೇನೆಯ ವಾಯುದಳ 1931ರಲ್ಲಿ ತನ್ನ ಚಾಲಕರಿಗೆ ‘ಎ-2’ ಎಂಬ ಜಾಕೆಟ್ಟನ್ನು ಅಂಗೀಕರಿಸಿತು. ಅದರಲ್ಲಿಯೂ ಬಹುಪಾಲು ಕುದುರೆಯ ಚರ್ಮವೇ ಬಳಕೆಯಾಯಿತು; ಒಂದಷ್ಟು ಆಡಿನ ಚರ್ಮದಲ್ಲಿಯೂ ತಯಾರಾದವು. ಎರಡನೆಯ ಮಹಾಯುದ್ಧದ ಚಿತ್ರಗಳಲ್ಲಿ ವಿಮಾನದ ಮುಂದೆ ನಿಂತ ಯೋಧರು ತೊಟ್ಟಿರುವ ಕಂದು ಜಾಕೆಟ್ ಇದೇ. ಇಂದಿನ ಆಕರ್ಷಣೆಯ ಮೂಲವೂ ಅಲ್ಲಿಯೇ ಇದೆ.

ಟ್ರ್ಯಾಕ್ಟರ್ ಮತ್ತು ಲಾರಿ ಬಂದ ಮೇಲೆ ಕುದುರೆಗಳ ಸಂಖ್ಯೆ ಕುಸಿಯಿತು, ತೊಗಲಿನ ಪೂರೈಕೆಯೂ ಬತ್ತಿತು. 1974ರಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಚೆಂಡಿನ ಹೊದಿಕೆ ಕೂಡ ಕುದುರೆಯ ಚರ್ಮದಿಂದ ದನದ ಚರ್ಮಕ್ಕೆ ಬದಲಾಯಿತು. 2007ರಲ್ಲಿ ಅಲ್ಲಿನ ಕೊನೆಯ ಕುದುರೆ ಕಸಾಯಿಖಾನೆಗಳು ಮುಚ್ಚಿದವು. ಈಗ ಕಚ್ಚಾ ತೊಗಲು ಬರುವುದು ಹೆಚ್ಚಾಗಿ ಕುದುರೆಯ ಮಾಂಸ ತಿನ್ನುವ ಪದ್ಧತಿಯಿರುವ ಐರೋಪ್ಯ ದೇಶಗಳಿಂದ ಮತ್ತು ಕೆನಡಾದಿಂದ. ಅದು ಮಾಂಸೋದ್ಯಮದ ಉಪ ಉತ್ಪನ್ನ. ಹೀಗಾಗಿ ಇಂದು ತೆರುವ ಬೆಲೆಯಲ್ಲಿ ಗುಣದ ಪಾಲಿನ ಜೊತೆಗೆ ವಿರಳತೆಯ ಪಾಲೂ ಇದೆ. ಇದನ್ನು ಅರಿತು ಕೊಳ್ಳುವುದು ಲೇಸು.

ಮೊದಲ ಪ್ರಶ್ನೆ: ಯಾವ ಭಾಗ?

ಕುದುರೆಯ ತೊಗಲನ್ನು ಹದಗಾರರು ಸಾಮಾನ್ಯವಾಗಿ ಎರಡಾಗಿ ಕತ್ತರಿಸುತ್ತಾರೆ. ಕುತ್ತಿಗೆ, ಹೆಗಲು, ಪಕ್ಕೆಗಳನ್ನು ಒಳಗೊಂಡ ಮುಂಭಾಗ ಒಂದು. ಪೃಷ್ಠದ ಹಿಂಭಾಗ ಇನ್ನೊಂದು. ಜಾಕೆಟ್ಟುಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಮುಂಭಾಗ. ಅದರ ಮೇಲ್ಮೈ ನಯವಾಗಿ ಬಿಗಿಯಾಗಿರುತ್ತದೆ. ಬಳಸಿದಂತೆ ಕುತ್ತಿಗೆಯ ಸುಕ್ಕು, ನರದ ಗುರುತು, ಹಳೆಯ ಗಾಯದ ಗೆರೆಗಳು ಎದ್ದು ಕಾಣುತ್ತವೆ. ಒಂದೇ ಜಾಕೆಟ್ಟಿನ ಎರಡು ಫಲಕಗಳು ಒಂದೇ ತೆರನಾಗಿ ಇರಲಾರವು. ಇದು ದೋಷವಲ್ಲ, ಆ ಚರ್ಮದ ಸ್ವಭಾವ. ಎಲ್ಲೆಡೆಯೂ ಒಂದೇ ಸಮನಾದ ಮೇಲ್ಮೈ ಬೇಕೆನ್ನುವವರು ದನದ ಚರ್ಮವನ್ನು ನೋಡುವುದು ಒಳ್ಳೆಯದು.

ಹಿಂಭಾಗದ ತೊಗಲಿನೊಳಗೆ ಅಂಡಾಕಾರದ ಎರಡು ದಟ್ಟ ಪದರಗಳಿರುತ್ತವೆ. ಇವುಗಳಿಂದ ತಯಾರಾಗುವುದೇ ‘ಶೆಲ್ ಕಾರ್ಡೋವನ್’. 1905ರಲ್ಲಿ ಷಿಕಾಗೋದಲ್ಲಿ ಆರಂಭವಾದ ಹಾರ್ವೀನ್ ಹದಗಾರಿಕೆ ಸಂಸ್ಥೆ ಇದಕ್ಕೆ ಹೆಸರಾಗಿದೆ. ಒಂದು ತುಂಡು ಸಿದ್ಧವಾಗಲು ಅಲ್ಲಿ ಆರು ತಿಂಗಳಷ್ಟು ಕಾಲ ಹಿಡಿಯುತ್ತದೆ. ಆ ತುಂಡುಗಳು ಚಿಕ್ಕವಾದ್ದರಿಂದ ಬೂಟು, ಪಟ್ಟಿ, ಹಣದ ಚೀಲಗಳಿಗೆ ಒದಗುತ್ತವೆ. ಜಾಕೆಟ್ಟಿನ ವಿವರಣೆಯಲ್ಲಿ ‘ಕಾರ್ಡೋವನ್’ ಎಂಬ ಪದ ಕಂಡರೆ ಎಚ್ಚರವಿರಲಿ. ಸ್ಪೇನಿನ ಕಾರ್ಡೋಬಾ ನಗರದಿಂದ ಹುಟ್ಟಿದ ಈ ಪದ ಒಂದು ಬಗೆಯ ಕಡುಗೆಂಪು ಕಂದು ಬಣ್ಣಕ್ಕೂ ಹೆಸರಾಗಿದೆ. ಮಾರುವವನು ಬಣ್ಣವನ್ನು ಹೇಳುತ್ತಿರಬಹುದು. ಕೊಳ್ಳುವವನು ಅದನ್ನು ಚರ್ಮವೆಂದು ತಿಳಿಯಬಹುದು.

ಎರಡನೆಯ ಪ್ರಶ್ನೆ: ಯಾವ ಹದ?

ಹರಳಯ್ಯ ಶರಣರ ಕಥೆ ಕೇಳಿ ಬೆಳೆದ ನಮಗೆ ತೊಗಲಿನ ಕಾಯಕ ಅಪರಿಚಿತವಲ್ಲ. ಅಥಣಿಯ ಕಡೆಯ ಮತ್ತು ಕೊಲ್ಲಾಪುರದ ಚಪ್ಪಲಿಗಳಿಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಗೊಳಿಸಿದ ಚರ್ಮವನ್ನು ಬಳಸುವ ಪದ್ಧತಿ ಇದೆ. ಕೊಲ್ಲಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಅವುಗಳಲ್ಲಿ ಸೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ವಿಜಯಪುರಗಳೂ ಇವೆ. ಆ ಚಪ್ಪಲಿ ಮೊದಲ ವಾರ ಕಾಲು ಕಚ್ಚಿ, ಬಳಿಕ ಪಾದದ ಆಕಾರ ತಾಳುವುದನ್ನು ಬಲ್ಲವರಿಗೆ ಕುದುರೆ ಚರ್ಮದ ಒಂದು ಗುಣವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ತೊಗಟೆ, ಕಾಯಿಗಳ ರಸದಿಂದ ಹದವಾದ ಚರ್ಮಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅದು ಮೊದಲಿಗೆ ಗಡಸು; ಮೈಯ ಆಕಾರಕ್ಕೆ ನಿಧಾನವಾಗಿ ಒಗ್ಗಿ, ಉಜ್ಜಿದಂತೆ ಹೊಳಪೇರುತ್ತದೆ. ನೀರು ಬಿದ್ದರೆ ಕಲೆ ಹಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣದ ಹದ ಕೆಲವೇ ದಿನಗಳ ಕೆಲಸ. ಆ ಚರ್ಮ ಮೃದು, ನೀರನ್ನೂ ಬಿಸಿಯನ್ನೂ ಹೆಚ್ಚು ತಾಳುತ್ತದೆ, ಆದರೆ ವಯಸ್ಸಾದಂತೆ ಅಷ್ಟೊಂದು ರೂಪ ಬದಲಿಸುವುದಿಲ್ಲ. ಎರಡನ್ನೂ ಬೆರೆಸಿದ ಹದಗಳೂ ಇವೆ. ಒಂದೇ ಕುದುರೆಯ ಚರ್ಮ ಹದದ ಭೇದದಿಂದ ಎರಡು ಬೇರೆ ವಸ್ತುಗಳಾಗುತ್ತದೆ. ಮೃದುವಾದ ಜಾಕೆಟ್ ಬಯಸಿ ತೊಗಟೆ ಹದದ್ದನ್ನು ತರಿಸಿಕೊಂಡವನು ನಿರಾಶನಾಗುವುದು ಖಂಡಿತ.

ಮೂರನೆಯ ಪ್ರಶ್ನೆ: ಎಷ್ಟು ದಪ್ಪ?

ಅಮೆರಿಕದವರು ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಅಂಗುಲದ 64ನೆಯ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ಒಂದು ಮಿಲಿಮೀಟರಿನ ಆಸುಪಾಸಿನದು ದಿನಬಳಕೆಗೆ ಹಗುರ. 1.2 ಮಿಲಿಮೀಟರ್ ಮಧ್ಯಮ. 1.4ನ್ನು ದಾಟಿದರೆ ಜಾಕೆಟ್ ಭಾರವಾಗಿ, ಮೊದಲ ತಿಂಗಳುಗಳಲ್ಲಿ ತೋಳು ಮಡಚುವುದೇ ಶ್ರಮವಾಗುತ್ತದೆ. ದಪ್ಪ ಕುದುರೆ ಚರ್ಮದ ಜಾಕೆಟ್ ಎರಡು ಕಿಲೋ ಮೀರುವುದು ಸಾಮಾನ್ಯ.

ಅಳತೆಯ ವಿಷಯದಲ್ಲಿಯೂ ಇದೇ ಕಾರಣದಿಂದ ಜಾಗ್ರತೆ ಬೇಕು. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಹ್ಯಾಂಡಲ್ ಹಿಡಿದಂತೆ ಕೈ ಚಾಚಿದಾಗ ಬೆನ್ನು ಬಿಗಿಯಬಾರದು, ತೋಳಿನ ಅಂಚು ಮಣಿಕಟ್ಟಿನಿಂದ ಮೇಲೆ ಸರಿಯಬಾರದು. ಬಟ್ಟೆಯಂತೆ ಚರ್ಮವನ್ನು ಬಿಚ್ಚಿ ಮತ್ತೆ ಹೊಲಿಯಲಾಗದು. ಸೂಜಿಯ ತೂತುಗಳು ಹಾಗೆಯೇ ಉಳಿಯುತ್ತವೆ. ಬೆಳೆಯುವ ವಯಸ್ಸಿನ ಹುಡುಗನಿಗೆ ಇಷ್ಟು ಬೆಲೆಯ ಜಾಕೆಟ್ ಕೊಡಿಸುವುದು ವಿವೇಕವಲ್ಲ.

ನಾಲ್ಕನೆಯ ಪ್ರಶ್ನೆ: ಮೇಲ್ಮೈಗೆ ಎಂತಹ ಬಣ್ಣ?

ಬಣ್ಣ ಚರ್ಮದ ಒಳಗಿನವರೆಗೂ ಇಳಿದಿರಬಹುದು, ಅಥವಾ ಮೇಲೆ ಮಾತ್ರ ಕೂಡಿಸಿದ್ದಿರಬಹುದು. ಜಪಾನಿನ ಹಿಮೆಜಿ ಪ್ರದೇಶ ಹಿಂದಿನಿಂದಲೂ ಚರ್ಮದ ಕಸುಬಿಗೆ ಹೆಸರಾದುದು. ಜಪಾನಿನ ತಯಾರಕರು ಒಳಗೆ ಚಹಾದಂತಹ ಕಂದು, ಮೇಲೆ ಕಪ್ಪು ಬಣ್ಣವಿರುವ ಕುದುರೆ ಚರ್ಮವನ್ನು ಉದ್ದೇಶಪೂರ್ವಕವಾಗಿ ಬಳಸುವುದುಂಟು. ವರ್ಷಗಳು ಕಳೆದಂತೆ ಮೊಣಕೈ, ಜೇಬಿನ ಅಂಚುಗಳಲ್ಲಿ ಕಪ್ಪು ಸವೆದು ಕಂದು ಇಣುಕುತ್ತದೆ. ರಸಿಕರು ಇದಕ್ಕೇ ಹೆಚ್ಚು ಹಣ ಕೊಡುತ್ತಾರೆ. ಸಂಗತಿ ತಿಳಿಯದವರು ಬಣ್ಣ ಬಿಟ್ಟಿತೆಂದು ದೂರುತ್ತಾರೆ. ಇನ್ನೊಂದು ಬದಿಯಲ್ಲಿ, ದಪ್ಪನೆಯ ಬಣ್ಣದ ಲೇಪದಡಿ ಕಳಪೆ ಚರ್ಮವನ್ನು ಅಡಗಿಸುವುದೂ ಸುಲಭ. ಮೂಲ ಮೇಲ್ಮೈಯನ್ನು ಉಳಿಸಿಕೊಂಡಿದ್ದಾರೆಯೇ, ಉಜ್ಜಿ ತೆಗೆದಿದ್ದಾರೆಯೇ ಎಂದು ಕೇಳಬೇಕು. ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಸವಾರನ ಮೈಗೆ ರಕ್ಷಣೆ ಎಷ್ಟು?

ಕುದುರೆಯ ಚರ್ಮ ತೊಟ್ಟರೆ ಬಿದ್ದರೂ ಗಾಯವಾಗದೆಂಬ ನಂಬಿಕೆ ಅಪಾಯಕಾರಿ. ಮೈ ರಸ್ತೆಯ ಮೇಲೆ ಉಜ್ಜಿ ಹೋಗುವಾಗ ಚರ್ಮದ ದಪ್ಪದಷ್ಟೇ ಹೊಲಿಗೆಯ ಬಲವೂ ಮುಖ್ಯ. ಪೆಟ್ಟನ್ನು ತಡೆಯುವುದು ಭುಜ, ಮೊಣಕೈ, ಬೆನ್ನಿನಲ್ಲಿರುವ ರಕ್ಷಾಫಲಕಗಳು. ಯುರೋಪಿನಲ್ಲಿ ಸವಾರಿಯ ಉಡುಪುಗಳಿಗೆ ಇಎನ್ 17092 ಎಂಬ ಮಾನದಂಡವಿದೆ. ಅದರಲ್ಲಿ ಮೂರು ಎ, ಎರಡು ಎ, ಒಂದು ಎ ಎಂಬ ಇಳಿಕೆಯ ದರ್ಜೆಗಳಿವೆ. ರಕ್ಷಾಫಲಕಗಳಿಗೆ ಇಎನ್ 1621 ಎಂಬ ಬೇರೆಯ ಮಾನದಂಡವಿದೆ. ಹಳೆಯ ವಿಮಾನ ಚಾಲಕರ ಮಾದರಿಯ ಜಾಕೆಟ್ ಎಷ್ಟೇ ದುಬಾರಿಯಾದರೂ ಸವಾರಿಯ ಕವಚವಾಗಿ ರೂಪುಗೊಂಡದ್ದಲ್ಲ. ದರ್ಜೆಯ ಗುರುತುಳ್ಳ ದನದ ಚರ್ಮದ ಜಾಕೆಟ್, ಗುರುತಿಲ್ಲದ ಕುದುರೆ ಚರ್ಮದ ಜಾಕೆಟ್ಟಿಗಿಂತ ಸವಾರನಿಗೆ ಹೆಚ್ಚು ಭರವಸೆಯದು. ಇವೆಲ್ಲಕ್ಕೂ ಮೊದಲು ಬೇಕಾದದ್ದು ಒಳ್ಳೆಯ ಶಿರಸ್ತ್ರಾಣ.

ಮಾತು ಬರಹದಲ್ಲಿರಲಿ

ಭಾರತದಲ್ಲಿ 1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮಿನಂತೆ, ವಿವರಣೆಯ ಆಧಾರದಲ್ಲಿ ಮಾರಿದ ವಸ್ತು ಆ ವಿವರಣೆಗೆ ಸರಿಹೊಂದಲೇಬೇಕು. ಕುದುರೆಯ ಚರ್ಮವೆಂದು ಹೇಳಿ ಬೇರೊಂದನ್ನು ಕಳುಹಿಸಿದರೆ ಕೊಂಡವನು ಅದನ್ನು ತಿರಸ್ಕರಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣ, ಪ್ರಮಾಣ, ಶುದ್ಧತೆ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಈ ಕಾಯ್ದೆಯಡಿ ದೂರನ್ನು ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ. ಕಾಲಮಿತಿ ಎರಡು ವರ್ಷ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದಲ್ಲಿ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದೆಂಬುದನ್ನು ಗಡಿಯಾಚೆಯ ಕನ್ನಡಿಗರಾದ ನಾವು ನೆನಪಿಡಬೇಕು.

ಮಾರಾಟಗಾರ ವಿದೇಶದಲ್ಲಿದ್ದು ಇಲ್ಲಿ ಅವನ ಕಚೇರಿಯೇ ಇಲ್ಲದಿದ್ದರೆ ಆದೇಶ ಸಿಕ್ಕರೂ ಜಾರಿ ಮಾಡಿಸುವುದು ಕಷ್ಟ. ಆದ್ದರಿಂದ ವ್ಯಾಜ್ಯಕ್ಕಿಂತ ಮುನ್ನೆಚ್ಚರಿಕೆಯೇ ಅಗ್ಗ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಜಾಹೀರಾತಿನ ಪುಟದ ಚಿತ್ರ, ರಸೀದಿ, ಹಿಂದಿರುಗಿಸುವ ನಿಯಮ, ಅದರ ಸಾಗಣೆ ವೆಚ್ಚ ಯಾರದೆಂಬ ಒಪ್ಪಂದ ಇವನ್ನು ಜೋಪಾನವಾಗಿಡಿ. ಪ್ರಾಮಾಣಿಕ ತಯಾರಕನಿಗೆ ಇಂತಹ ಪ್ರಶ್ನೆಗಳು ಹೊಸತಲ್ಲ. ಹಾರಿಕೆಯ ಉತ್ತರ ಬಂದರೆ ಅಲ್ಲಿಗೇ ಬಿಡುವುದು ಕ್ಷೇಮ.

ಹಾಗಾದರೆ ಕುದುರೆಯ ಚರ್ಮ ಯಾರಿಗೆ? ನನ್ನ ಅಭಿಪ್ರಾಯ ಇಷ್ಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಇಂತಹ ಜಾಕೆಟ್ ತೊಡಲು ಹಿತ. ದಿನನಿತ್ಯದ ಸವಾರನಿಗೆ ರಕ್ಷಾಫಲಕವುಳ್ಳ ಒಳ್ಳೆಯ ದನದ ಅಥವಾ ಆಡಿನ ಚರ್ಮ ಸಾಕು. ಆಡಿನದು ಹಗುರವೂ ಗಟ್ಟಿಯೂ ಹೌದು. ಬೆಳವಣಿಗೆ ನಿಂತ, ಸ್ವಂತ ದುಡಿಮೆಯುಳ್ಳ, ಮೊದಲ ವರ್ಷದ ಬಿಗಿತವನ್ನು ಸಹಿಸುವ ತಾಳ್ಮೆಯುಳ್ಳವನು ಕುದುರೆಯ ಚರ್ಮವನ್ನು ಕೊಂಡರೆ ಅದು ಅವನೊಡನೆ ಹಲವು ದಶಕ ಬಾಳೀತು. ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಅಗಲವಾದ ತೂಗುಕಟ್ಟಿಗೆಗೆ ಹಾಕಿ ಗಾಳಿಯಾಡುವ ಕಡೆ ಇಡಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಒದ್ದೆಯಾದರೆ ನೆರಳಿನಲ್ಲಿಯೇ ಒಣಗಿಸಬೇಕು. ವರ್ಷಕ್ಕೊಮ್ಮೆ ತೆಳುವಾಗಿ ಚರ್ಮದ ಎಣ್ಣೆ ಸವರಿದರೆ ಸಾಕು.