ಕ್ರೋಶಾ ಸೂಜಿಯ ಲೆಕ್ಕ

ನಮ್ಮ ಹಿಂದವಾಡಿಗೆ ಜೂನ್ ತಿಂಗಳಿನಲ್ಲಿ ಕಾಲಿಟ್ಟ ಮಳೆ ಸಪ್ಟೆಂಬರದವರೆಗೆ ಹೊರಡುವ ಮಾತನ್ನೇ ಆಡುವುದಿಲ್ಲ. ಅಂಥ ದಿನಗಳಲ್ಲಿ ಹಸುಗೂಸಿರುವ ಮನೆಗೆ ಮೊದಲು ಬೇಕಾಗುವುದು ಕುಲಾಯಿ. ಕಳೆದ ಮಳೆಗಾಲದಲ್ಲಿ ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದಾಗ, ಕೂಸಿನ ಕುಲಾಯಿಯನ್ನು ನಾನೇ ಹೆಣೆಯುವೆನೆಂದು ಹಟ ಹಿಡಿದೆ. ಆ ಕುಲಾಯಿ ನನಗೆ ಕಲಿಸಿದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ರೋಶಾ ಎಂದರೇನು? ‘ಕ್ರೋಶೆ’ ಎಂಬ ಫ್ರೆಂಚ್ ಶಬ್ದಕ್ಕೆ ಚಿಕ್ಕ ಕೊಕ್ಕೆ ಎಂದರ್ಥ. ನನ್ನ ತಂದೆ ವಡಗಾವಿಯಲ್ಲಿ ಮಗ್ಗದ ಮೇಲೆ ದುಡಿಯುವವರು. ಅವರ ನೇಯ್ಗೆಗೆ ಹಾಸು, ಹೊಕ್ಕು ಎಂದು ಎರಡು ನೂಲುಗಳು ಬೇಕು. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಗೆ ಒಂದೇ ನೂಲು ಸಾಕು. ಆದರೆ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಬಾಯ್ದೆರೆದುಕೊಂಡೇ ಇರುತ್ತವೆ. ಕ್ರೋಶಾಕ್ಕೆ ಒಂದು ಕೊಕ್ಕೆಸೂಜಿ, ಒಂದು ನೂಲು; ತೆರೆದಿರುವುದು ಒಂದೇ ಕುಣಿಕೆ. ನೇಯುವುದನ್ನೂ ಸ್ವೆಟರ್ ಹೆಣೆಯುವುದನ್ನೂ ಯಂತ್ರ ಎಂದೋ ಕಲಿತಿದೆ. ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಮಾತ್ರ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಆದ್ದರಿಂದ ಪೇಟೆಯಲ್ಲಿ ಕಾಣುವ ಕ್ರೋಶಾ ವಸ್ತುವಿನ ಹಿಂದೆ ಯಾರದೋ ಕೈ ಇದ್ದೇ ಇರುತ್ತದೆ.

ಇದರ ಮೊದಲ ಪಾಠ ಸರಪಳಿ. ಒಂದು ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆಯುತ್ತ ಹೋಗುವುದು. ನಮ್ಮ ಓಣಿಯ ಮರಾಠಿ ನೆರೆಯವರು ಇದಕ್ಕೆ ‘ಸಾಖಳಿ’ ಎನ್ನುತ್ತಾರೆ. ಎತ್ತರದ ಹೆಣಿಕೆ ‘ಖಾಂಬ’, ಗಿಡ್ಡದ್ದು ‘ಮುಕಾ ಖಾಂಬ’. ಎಂದರೆ ಕಂಬ ಮತ್ತು ಮೂಕ ಕಂಬ. ಈ ಮೂರು ಬಂದರೆ ಕುಲಾಯಿ, ಮಫ್ಲರ್, ಕೈಚೀಲ, ಬಾಗಿಲ ತೋರಣ ಎಲ್ಲವನ್ನೂ ಹೆಣೆಯಬಹುದು.

ಕುಲಾಯಿಯನ್ನು ನೆತ್ತಿಯಿಂದ ಆರಂಭಿಸಬೇಕು. 4 ಸರಪಳಿಗಳನ್ನು ಕೂಡಿಸಿ ಉಂಗುರ ಮಾಡಿ, ಅದರೊಳಗೆ 6 ಮೂಕ ಕಂಬಗಳನ್ನು ಹಾಕಬೇಕು. ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24. ನಾನು ಲೆಕ್ಕವಿಡದೆ ಮನಸ್ಸಿಗೆ ಬಂದಷ್ಟು ಏರಿಸಿದೆ. ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅಂಚೆಲ್ಲ ಸುರುಟಿತು. ಅವ್ವ ನೋಡಿ ನಕ್ಕಳು. “ಸುತ್ತಿಗೆ ಆರ ಏರಸಬೇಕವ್ವಾ. ಹೆಚ್ಚಾದ್ರ ಹಪ್ಪಳ, ಕಡಿಮಿ ಆದ್ರ ಬಟ್ಟಲ.”

ಆರೇ ಏಕೆ? ವರ್ತುಲದ ಸುತ್ತಳತೆ ಅದರ ತ್ರಿಜ್ಯದ 6.28ರಷ್ಟು. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಹೆಣಿಕೆಯ ಎತ್ತರದಷ್ಟು ಬೆಳೆಯುತ್ತದೆ. ಮೂಕ ಕಂಬದ ಅಗಲ, ಎತ್ತರಗಳು ಹೆಚ್ಚುಕಡಿಮೆ ಸಮವಾದ್ದರಿಂದ ಸುತ್ತಳತೆಗೆ ಆರು ಹೆಣಿಕೆ ಕೂಡಿದರೆ ಬಿಲ್ಲೆ ಚಪ್ಪಟೆಯಾಗಿರುತ್ತದೆ. ಎತ್ತರದ ಕಂಬವಾದರೆ ಹನ್ನೆರಡು ಬೇಕು. ಶಾಲೆಯ ಮೆಟ್ಟಿಲು ಹತ್ತದ ಅವ್ವ ಇದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದಳು. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಬೇಕೆಂದೇ ಹೆಚ್ಚು ಹೆಣಿಕೆಗಳನ್ನು ಏರಿಸಿ, ಯೂಕ್ಲಿಡನ ರೇಖಾಗಣಿತಕ್ಕೆ ಒಗ್ಗದ ಸುರುಟು ಮೈಯ ಆಕೃತಿಗಳನ್ನು ವಿದ್ಯಾರ್ಥಿಗಳಿಗಾಗಿ ಹೆಣೆದರು. ನಾನು ತಪ್ಪಿ ಹೆಣೆದ ಹಪ್ಪಳ ಅಲ್ಲಿ ಪಾಠವಾಗಿದೆ!

ಕೂಸಿನ ತಲೆಯ ಸುತ್ತಳತೆ 38 ಸೆಂಟಿಮೀಟರ್ ಇದ್ದರೆ 3.14ರಿಂದ ಭಾಗಿಸಿರಿ, 12 ಬರುತ್ತದೆ. ಬಿಲ್ಲೆ ಅದಕ್ಕಿಂತ ತುಸು ಕಡಿಮೆ ಅಗಲವಾದಾಗ ಏರಿಸುವುದನ್ನು ನಿಲ್ಲಿಸಿ, ಅಷ್ಟಷ್ಟೇ ಹೆಣೆಯುತ್ತ ಹೋದರೆ ಗೋಡೆ ತಾನಾಗಿ ಇಳಿಯುತ್ತದೆ. ಕೂಸಿಗೆ ಮೆತ್ತನೆಯ ಹತ್ತಿಯ ನೂಲು ಲೇಸು. ಅಕ್ರಿಲಿಕ್ ಅಗ್ಗವಾದರೂ ಬೆವರು ಹೀರದು, ಬೆಂಕಿ ತಾಗಿದರೆ ಕರಗಿ ಮೈಗಂಟುತ್ತದೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಗೆ ಇರುವುದನ್ನು ಮರೆಯಬಾರದು. ಮಣಿ, ಗುಂಡಿಗಳನ್ನೂ ಹಚ್ಚಬಾರದು. ಕಿತ್ತು ಬಂದರೆ ಕೂಸಿನ ಬಾಯಿಗೆ ಹೋಗುತ್ತವೆ.

ಇಷ್ಟು ಲೆಕ್ಕವುಳ್ಳ ಈ ಕೆಲಸಕ್ಕೆ ನಾವು ಕೊಟ್ಟ ಹೆಸರೇನು? ಬಿ.ಎ. ತರಗತಿಗೆ ಸೇರುವಾಗ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬುದರ ಮುಂದೆ ‘ಏನೂ ಇಲ್ಲ’ ಎಂದು ಬರೆದಿದ್ದೆ. ನಮ್ಮ ಮನೆಯಿಂದ ಕಾಲೇಜಿಗೆ ಬಂದವಳು ನಾನೇ ಮೊದಲಿಗಳು, ಅವ್ವ ಅಕ್ಕರೆಯಿಂದ “ಏನ ಬರದಿ?” ಎಂದು ಕೇಳಿದಳು. ಓದಿ ಹೇಳಿದೆ. “ಖರೇನ ಐತಿ” ಎಂದಳು. ಅವಳ ಕೈಯಲ್ಲಿ ಸೂಜಿ ಆಡುತ್ತಲೇ ಇತ್ತು.

ಅರ್ಥಶಾಸ್ತ್ರ ಓದತೊಡಗಿದ ಮೇಲೆ ನನ್ನ ತಪ್ಪು ತಿಳಿಯಿತು. ರಾಷ್ಟ್ರಗಳ ಆದಾಯವನ್ನು ಎಣಿಸಲು ವಿಶ್ವಸಂಸ್ಥೆ ಮೊದಲಾದವು ಒಪ್ಪಿದ 2008ರ ಲೆಕ್ಕಪದ್ಧತಿಯ ಪ್ರಕಾರ, ಸ್ವಂತ ಮನೆಯವರಿಗೆಂದು ಬಟ್ಟೆ ತಯಾರಿಸುವುದೂ ಉತ್ಪಾದನೆಯೇ. ಮನೆಯವರಿಗಾಗಿ ಅಡುಗೆ ಮಾಡುವುದು, ಕಸ ಗುಡಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಅದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಆದರೆ ಕುಲಾಯಿ ಬರುತ್ತದೆ. ಆಂಧ್ರದ ನರಸಾಪುರದಲ್ಲಿ ಹೆಂಗಸರು ಹೆಣೆದ ಕ್ರೋಶಾ ಲೇಸು ಪರದೇಶಗಳಿಗೆ ಮಾರಾಟವಾಗುತ್ತಿದ್ದರೂ, ಅವರನ್ನು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಎಣಿಸುತ್ತಿದ್ದರೆಂದು ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ 1982ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ನಾನು ಅರ್ಜಿಯಲ್ಲಿ ಬರೆದದ್ದೂ ಅದನ್ನೇ.

ಕೂಸಿಗೆ ಈಗ ಆ ಕುಲಾಯಿ ಗಿಡ್ಡವಾಗಿದೆ. ಅವ್ವ ಕೊನೆಯ ಕುಣಿಕೆಯನ್ನು ಬಿಡಿಸಿ ಎಳೆದಳು. ಇಡೀ ಕುಲಾಯಿ ಮತ್ತೆ ನೂಲಾಯಿತು. ಅದನ್ನು ತೊಳೆದು ಒಣಗಿಸಿ, ಅದೇ ಕೂಸಿಗೆ ಕಾಲುಚೀಲ ಹೆಣೆಯುತ್ತಿದ್ದಾಳೆ. ತಪ್ಪಾಗಿ ತುಂಬಿದ ಅರ್ಜಿಯನ್ನು ಹಾಗೆ ಬಿಚ್ಚಿ ಹೆಣೆಯಲು ಬರುವುದಿಲ್ಲ. ಆದ್ದರಿಂದ ಈ ಲೇಖನ ಬರೆದೆ.