ವೈದ್ಯನು ಬರುವುದಕ್ಕೆ ಮುಂಚೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅಪಘಾತಗಳ ವಿಷಯದಲ್ಲಿ ನಮ್ಮ ನಡವಳಿಕೆ ಬಹುಮಟ್ಟಿಗೆ ಹೀಗೆಯೇ ಇದೆ. ರಸ್ತೆಯಲ್ಲಿ ಒಬ್ಬನು ಗಾಯಗೊಂಡು ಬಿದ್ದಿರುವಾಗ ಸುತ್ತಲೂ ಜನ ನೆರೆಯುತ್ತಾರೆ. ಮರುಗುವವರು ಹಲವರು, ಮಾಡಬೇಕಾದುದನ್ನು ಬಲ್ಲವರು ವಿರಳ. ವೈದ್ಯನಿಗಿಂತ ಮುಂಚೆ ಗಾಯಾಳುವಿನ ಬಳಿಗೆ ಬರುವ ಈ ಜನರಲ್ಲಿ ಕೆಲವರಿಗಾದರೂ ತಕ್ಕ ತರಬೇತಿಯನ್ನು ಕೊಡುವುದು ಏಕೆ ಅವಶ್ಯಕ? ಅದರ ಹಿಂದಿರುವ ವಿಜ್ಞಾನವೇನು? ಕೋಲಾರದ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿಚಾರಮಾಡೋಣ.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಮಿದುಳಿನ ತೂಕ ನಮ್ಮ ಶರೀರದ ತೂಕದಲ್ಲಿ ಶೇಕಡ 2ರಷ್ಟು ಮಾತ್ರ. ಆದರೆ ಶರೀರವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20ರಷ್ಟು ಅದಕ್ಕೇ ಬೇಕು. ಈ ಆಮ್ಲಜನಕವನ್ನು ಅದು ಕೂಡಿಟ್ಟುಕೊಳ್ಳಲಾರದು. ಹೃದಯವು ನಿಂತು ನಾಲ್ಕೈದು ನಿಮಿಷಗಳಾದರೆ ಮಿದುಳಿನ ಜೀವಕೋಶಗಳು ನಾಶವಾಗತೊಡಗುತ್ತವೆ. ಏನನ್ನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆಂದು ವೈದ್ಯರು ಲೆಕ್ಕಹಾಕಿದ್ದಾರೆ. ರಕ್ತಸ್ರಾವದ ವಿಷಯವೂ ಇಂತಹುದೇ. ವಯಸ್ಕನ ಶರೀರದಲ್ಲಿರುವ ರಕ್ತ ಸುಮಾರು 5 ಲೀಟರು. ತೊಡೆಯ ದೊಡ್ಡ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ದೂರದ ಹಳ್ಳಿಯೊಂದಕ್ಕೆ ಆಂಬ್ಯುಲೆನ್ಸು ಹದಿನೈದು ನಿಮಿಷಗಳಲ್ಲಿ ಬಂದರೆ ಅದನ್ನು ಶೀಘ್ರವೆಂದೇ ಹೇಳಬೇಕು. ಆದರೆ ಮಿದುಳು ಅಷ್ಟು ಹೊತ್ತು ಕಾಯಲಾರದು.

ಕೋಲಾರ ಜಿಲ್ಲೆಯಲ್ಲಿ ಇಂತಹ ಸಂದರ್ಭಗಳಿಗೆ ಕಡಮೆಯಿಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಕೋಲಾರ, ಮುಳಬಾಗಿಲುಗಳನ್ನು ಹಾದು ಆಂಧ್ರದ ಗಡಿಯನ್ನು ಮುಟ್ಟುತ್ತದೆ. ಹಗಲಿರುಳೂ ಅದರ ಮೇಲೆ ಲಾರಿಗಳ ಸಂಚಾರ. ಮಾಲೂರಿನಲ್ಲಿ ಇಟ್ಟಿಗೆ ಗೂಡುಗಳೂ ಕಾರ್ಖಾನೆಗಳೂ ರೈಲುಮಾರ್ಗವೂ ಇವೆ. ಶ್ರೀನಿವಾಸಪುರವು ಮಾವಿಗೆ ಹೆಸರಾದ ತಾಲ್ಲೂಕು. ಕಾಯಿ ಕೀಳುವವನು ಕೊಂಬೆಯಿಂದ ಬೀಳುವುದೂ, ಒಣಗಿದ ಎಲೆಗಳ ನಡುವೆ ಹಾವನ್ನು ತುಳಿಯುವುದೂ ಆ ಕಸುಬಿನ ಅಪಾಯಗಳು. ಕೋಲಾರದಲ್ಲಿ ಜಿಲ್ಲಾಸ್ಪತ್ರೆಯಿದೆ, ಪಕ್ಕದ ಟಮಕದಲ್ಲಿ 1986ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿದೆ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108ರ ಆರೋಗ್ಯ ಕವಚ ಸೇವೆಯೂ ಇದೆ. ಇವುಗಳಲ್ಲಿ ಯಾವುದೂ ಮೊದಲ ಐದು ನಿಮಿಷಗಳ ತೆರವನ್ನು ತಾನಾಗಿ ತುಂಬಲಾರದು.

ಈ ಸತ್ಯವನ್ನು ಇದೇ ಜಿಲ್ಲೆಯ ಚಿನ್ನದ ಗಣಿಗಳು ಸ್ಪಷ್ಟವಾಗಿ ತೋರಿಸಿದ್ದುವು. 2001ರಲ್ಲಿ ಮುಚ್ಚಿದ ಆ ಗಣಿಗಳು ಮೂರು ಕಿಲೋಮೀಟರುಗಳಿಗೂ ಮಿಕ್ಕ ಆಳಕ್ಕೆ ಇಳಿದಿದ್ದುವು. ಅಲ್ಲಿ ಒತ್ತಡದಿಂದ ಬಂಡೆ ಸಿಡಿದು ಕೂಲಿಗಾರನ ಮೇಲೆ ಬಿದ್ದರೆ ಮೇಲಿನ ವೈದ್ಯನು ಕೆಳಗೆ ಇಳಿದು ಬರುವವರೆಗೆ ಅವನಿಗೆ ಪಕ್ಕದ ಕೂಲಿಗಾರನೇ ವೈದ್ಯನಾಗಬೇಕಾಗಿತ್ತು. ಭೂಗರ್ಭದಲ್ಲಿ ದುಡಿಯುವವರ ವಿಷಯದಲ್ಲಿ ಇದು ಅನಿವಾರ್ಯವೆಂಬುದನ್ನು ಮನಗಂಡೇ, 1952ರ ಗಣಿ ಕಾಯಿದೆಯೂ ಅದರಡಿಯಲ್ಲಿ 1955ರಲ್ಲಿ ರಚಿತವಾದ ನಿಯಮಗಳೂ ಪ್ರಥಮ ಚಿಕಿತ್ಸೆಯ ಸಾಮಗ್ರಿಯನ್ನೂ ಅದರಲ್ಲಿ ತರಬೇತಾದ ಜನರನ್ನೂ ಗಣಿಗಳಲ್ಲಿ ಕಡ್ಡಾಯಮಾಡಿದುವು. ಇಂಗ್ಲೆಂಡಿನಲ್ಲಿ 1877ರಲ್ಲಿ ಸ್ಥಾಪಿತವಾದ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಘವೂ ಗಣಿಗಾರರು, ರೈಲ್ವೆ ನೌಕರರು, ಪೊಲೀಸರು ಮೊದಲಾದವರಿಗೇ ಈ ವಿದ್ಯೆಯನ್ನು ಕಲಿಸಿತು. ಪಾತಾಳದಲ್ಲಿ ಅವಶ್ಯಕವಾದದ್ದು ಹೆದ್ದಾರಿಯ ಬದಿಯಲ್ಲಿ ಅನಾವಶ್ಯಕವಾದೀತೆ?

ಕಲಿಸುವುದೇನು? ಉಸಿರಾಟ ನಿಂತು ಪ್ರಜ್ಞೆ ತಪ್ಪಿದವನ ಎದೆಯನ್ನು ಒತ್ತುವ ಕ್ರಮವನ್ನು 1960ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದರು. ಇವರಲ್ಲಿ ಮೊದಲನೆಯವನು ವಿದ್ಯುತ್ ಎಂಜಿನಿಯರನೆಂಬುದು ಸ್ವಾರಸ್ಯದ ಸಂಗತಿ. ಎದೆಮೂಳೆಯ ಕೆಳ ಅರ್ಧದ ಮೇಲೆ ಎರಡು ಕೈಗಳನ್ನೂ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಮೆಯಿಲ್ಲದಂತೆ, ಆದರೆ 6ನ್ನು ಮೀರದಂತೆ ಒತ್ತಬೇಕು. ಪ್ರತಿ ಸಲವೂ ಎದೆಯು ಪೂರ್ತಿ ಮೇಲೇಳಲು ಬಿಡಬೇಕು. ಇದರಿಂದ ಹರಿಯುವ ರಕ್ತ ಸಹಜ ಪ್ರಮಾಣದ ಮೂರರಲ್ಲೊಂದು ಭಾಗವನ್ನು ಮೀರುವುದು ಅಪರೂಪ. ಆದರೂ ಮಿದುಳನ್ನು ಸ್ವಲ್ಪ ಕಾಲ ಬದುಕಿಸಿಡಲು ಅಷ್ಟೂ ಉಪಯುಕ್ತವೇ. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಲೆರ್ಡಾಲ್ ಎಂಬುವನು ಅಭ್ಯಾಸಕ್ಕೆಂದು ಮನುಷ್ಯಗಾತ್ರದ ಗೊಂಬೆಯೊಂದನ್ನು ರಚಿಸಿದನು. ಈ ವಿದ್ಯೆ ಪುಸ್ತಕದಿಂದ ಬರತಕ್ಕದ್ದಲ್ಲ, ಕೈಯಿಂದ ಬರತಕ್ಕದ್ದು.

ರಕ್ತಸ್ರಾವಕ್ಕೆ ಉಪಾಯ ಇನ್ನೂ ಸರಳ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿಹಿಡಿಯಬೇಕು. ರಕ್ತ ನಿಂತಿತೋ ಎಂದು ಮತ್ತೆ ಮತ್ತೆ ತೆಗೆದುನೋಡಬಾರದು. ಕೈಕಾಲುಗಳ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿಯನ್ನು ಬಿಗಿದು, ಬಿಗಿದ ಸಮಯವನ್ನು ಗುರುತುಹಾಕಿಕೊಳ್ಳಬೇಕು.

ಮಾಡಬಾರದುದನ್ನು ಕಲಿಸುವುದೂ ಮಾಡಬೇಕಾದುದನ್ನು ಕಲಿಸುವಷ್ಟೇ ಮುಖ್ಯ. ಗಾಯಕ್ಕೆ ಕಾಫಿಪುಡಿ ಮೆತ್ತುವುದು, ಮೂರ್ಛೆರೋಗಿಯ ಕೈಗೆ ಕಬ್ಬಿಣ ಕೊಡುವುದು, ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕುವುದು, ಬೆನ್ನುಮೂಳೆಗೆ ಪೆಟ್ಟುಬಿದ್ದವನನ್ನು ಕೈಕಾಲು ಹಿಡಿದು ಆಟೋಗೆ ಎತ್ತಿಹಾಕುವುದು, ಇವೆಲ್ಲ ನಾವು ಕಂಡಿರುವ ವಾಡಿಕೆಗಳೇ. ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟಿಸಬಹುದು. ಮುರಿದ ಬೆನ್ನುಮೂಳೆ ಕದಲಿದರೆ ಮಿದುಳುಬಳ್ಳಿ ತುಂಡಾಗಿ ಮನುಷ್ಯನು ಶಾಶ್ವತವಾಗಿ ಅಂಗಹೀನನಾಗಬಹುದು. ಹಾವು ಕಡಿದಾಗ ಹಗ್ಗ ಬಿಗಿಯುವುದರಿಂದ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದು. ಕೊಯ್ದು ಹೀರುವುದರಿಂದ ವಿಷ ಹೊರಬರುವುದಿಲ್ಲ. ಕಡಿತಕ್ಕೆ ಒಳಗಾದ ಅಂಗವನ್ನು ಮುರಿದ ಮೂಳೆಯಂತೆ ಅಲುಗದಂತೆ ಇಟ್ಟು, ರೋಗಿಯನ್ನು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಹಾವುಕಡಿತದ ಪ್ರಕರಣಗಳನ್ನು ವರದಿಮಾಡುವುದನ್ನು ಕರ್ನಾಟಕವು 2024ರಲ್ಲಿ ಕಡ್ಡಾಯಮಾಡಿತು.

ಗಾಯಾಳುವನ್ನು ಮುಟ್ಟಿದರೆ ಪೊಲೀಸು ಠಾಣೆ, ಕಚೇರಿಗಳನ್ನು ಅಲೆಯಬೇಕಾದೀತೆಂಬ ಭಯ ಅನೇಕರನ್ನು ದೂರ ನಿಲ್ಲಿಸುತ್ತದೆ. ಈ ಭಯಕ್ಕೆ ಈಗ ಆಧಾರವಿಲ್ಲ. ಸಹಾಯಮಾಡಿದವರನ್ನು ರಕ್ಷಿಸುವ ಮಾರ್ಗಸೂಚಿಗಳನ್ನು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಪ್ರಕರಣವು ಅದಕ್ಕೆ ಶಾಸನದ ಬಲವನ್ನು ಕೊಟ್ಟಿತು. ಸದುದ್ದೇಶದಿಂದ ನೆರವಾದವನು ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಹಾಗಾದರೆ ಯಾರಿಗೆ ಕಲಿಸಬೇಕು? ಅಪಾಯವು ಎಲ್ಲಿದೆಯೋ ಅಲ್ಲಿಯೇ ಸದಾ ಇರುವವರಿಗೆ: ಹೆದ್ದಾರಿಯ ಹೋಟೆಲಿನವರು, ಲಾರಿ ಮತ್ತು ಆಟೋ ಚಾಲಕರು, ಇಟ್ಟಿಗೆ ಗೂಡಿನ ಮೇಸ್ತ್ರಿ, ಮಾವಿನ ತೋಪಿನ ಕಾವಲುಗಾರ, ಶಾಲೆಯ ಉಪಾಧ್ಯಾಯರು, ಆಶಾ ಕಾರ್ಯಕರ್ತೆಯರು. ಒಂದು ದಿನ ಕಲಿಸಿ ಪ್ರಮಾಣಪತ್ರ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಈ ಕೈಚಳಕವು ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಮಾಸತೊಡಗುತ್ತದೆಂಬುದು ಪರೀಕ್ಷೆಗಳಿಂದ ತಿಳಿದಿದೆ. ಆದುದರಿಂದ ಆರು ತಿಂಗಳಿಗೊಮ್ಮೆಯಾದರೂ ಗೊಂಬೆಯ ಮೇಲೆ ಮರು ಅಭ್ಯಾಸ ನಡೆಯಬೇಕು. ತರಬೇತಾದವರ ಹೆಸರುಗಳನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆ, 108ರ ಕೆಳಗೆ, ಎಲ್ಲರಿಗೂ ಕಾಣುವಂತೆ ಬರೆಸಲಿ. ಆಂಬ್ಯುಲೆನ್ಸಿಗೆ ಕರೆಮಾಡಿದವನು ಆ ಕ್ಷಣದಲ್ಲೇ ಓಡಿಹೋಗಿ ಕರೆಯಬಹುದಾದ ಇನ್ನೊಂದು ಮನೆಯೂ ಆಗ ಅವನಿಗೆ ಗೊತ್ತಿರುತ್ತದೆ.